ಮೆಡೋಸ್ ಟೇಲರ್

ಭೀಮಾ ಮತ್ತು ಕೃಷ್ಣಾ ನದಿಗಳ ನಡುವೆ ಜೇವರ್ಗಿ, ಸುರಪುರಗಳ ಸೀಮೆ ಹರಡಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯಲ್ಲಿ ಬಾಳಿ, ಇದರ ಜನರನ್ನು ಪ್ರೀತಿಸಿದ ಇಂಗ್ಲಿಷ್ ಕಾದಂಬರಿಕಾರರೊಬ್ಬರಿದ್ದರು. ಅವರೇ ಫಿಲಿಪ್ ಮೆಡೋಸ್ ಟೇಲರ್.

ಟೇಲರರು 1808ರ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದರು. 1824ರಲ್ಲಿ, ಹದಿನೈದರ ಹರೆಯದಲ್ಲಿಯೇ, ಮುಂಬಯಿಯ ವರ್ತಕನೊಬ್ಬನ ಬಳಿ ಕೆಲಸಕ್ಕೆಂದು ಬಂದರು. ಆದರೆ ಆ ವರ್ತಕನೇ ಕಷ್ಟದಲ್ಲಿದ್ದನು. ಬಂಧುವೊಬ್ಬರ ನೆರವಿನಿಂದ ಅವರು ಹೈದರಾಬಾದಿನ ನಿಜಾಮರ ಸೈನ್ಯವನ್ನು ಸೇರಿದರು. ಶಾಲೆಯಲ್ಲಿ ಕಲಿಯದ ವಿದ್ಯೆಗಳನ್ನು ಸ್ವಪ್ರಯತ್ನದಿಂದ ಸಂಪಾದಿಸಿದರು. ದೇಶಭಾಷೆಗಳು, ಕಾನೂನು, ಭೂಮಾಪನ ಇವೆಲ್ಲವೂ ಅವರಿಗೆ ಕರಗತವಾದವು. ಠಕ್ಕರ ಕ್ರೂರ ಜೀವನವನ್ನು ಕುರಿತು 1839ರಲ್ಲಿ ಅವರು ಪ್ರಕಟಿಸಿದ ಕಾದಂಬರಿ ಇಂಗ್ಲೆಂಡಿನಲ್ಲಿ ಮನೆಮಾತಾಯಿತು.

1841ರಲ್ಲಿ ಟೇಲರರು ಸುರಪುರ ಸಂಸ್ಥಾನಕ್ಕೆ ನಿಯುಕ್ತರಾದರು. ಅಲ್ಲಿನ ರಾಜ ವೆಂಕಟಪ್ಪನಾಯಕರು ಆಗಿನ್ನೂ ಬಾಲಕರು. ಸಂಸ್ಥಾನದ ಆಡಳಿತದೊಡನೆ ಬಾಲರಾಜರ ಪಾಲನೆಯ ಹೊಣೆಯೂ ಟೇಲರರ ಮೇಲೆ ಬಿದ್ದಿತು. ಅವರು ಜಮೀನನ್ನು ಅಳೆಯಿಸಿದರು, ರಸ್ತೆಗಳನ್ನು ಮಾಡಿಸಿದರು, ಬೋನಾಳದ ಕೆರೆಯನ್ನು ಅಭಿವೃದ್ಧಿಪಡಿಸಿದರು. ಜನರು ಅವರನ್ನು ಪ್ರೀತಿಯಿಂದ ಮಹಾದೇವ ಬಾಬಾ ಎಂದು ಕರೆದರು. ಬಿಡುವಿನಲ್ಲಿ ಅವರು ಜೇವರ್ಗಿಯ ಬಳಿಯ ಪ್ರಾಚೀನ ಕಲ್ಗೋರಿಗಳನ್ನು ಅಗೆಯಿಸಿ, ದೊರೆತ ಎಲುಬುಗಳನ್ನೂ ಮಡಕೆಗಳನ್ನೂ ಪರೀಕ್ಷಿಸಿ, ವಿದ್ವಾಂಸರ ಪತ್ರಿಕೆಗಳಲ್ಲಿ ಲೇಖನಗಳನ್ನು ಬರೆದರು.

1853ರಲ್ಲಿ ರಾಜ್ಯಾಡಳಿತವು ತರುಣ ರಾಜರ ಕೈಸೇರಿತು. ಟೇಲರರು ನಳದುರ್ಗಕ್ಕೆ ತೆರಳಿದರು. ಐದೇ ವರ್ಷಗಳಲ್ಲಿ ವಿಧಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿತು. 1858ರಲ್ಲಿ ವೆಂಕಟಪ್ಪನಾಯಕರು ಬ್ರಿಟಿಷರ ವಿರುದ್ಧ ಕತ್ತಿಯೆತ್ತಿ ಸೆರೆಯಾದರು. ತಾವು ಮಗನಂತೆ ಸಾಕಿದವರನ್ನು ಟೇಲರರು ಸೆರೆಮನೆಯಲ್ಲಿ ಕಂಡರು. ಬಂಡಾಯಕ್ಕೆ ಪ್ರೇರಿಸಿದವರ ಹೆಸರು ಹೇಳಿದರೆ ಕ್ಷಮೆ ದೊರೆತೀತೆಂಬ ಆಸೆಯಿದ್ದರೂ ರಾಜರು ಯಾರ ಹೆಸರನ್ನೂ ಹೇಳಲಿಲ್ಲ. ಟೇಲರರು ಬ್ರಿಟಿಷ್ ಪಕ್ಷದವರೇ ಆದರೂ ಆ ದಿಟ್ಟತನಕ್ಕೆ ತಲೆದೂಗಿ, ಅದನ್ನು ತಮ್ಮ ಆತ್ಮಕಥೆಯಲ್ಲಿ ಮರೆಮಾಚದೆ ದಾಖಲಿಸಿದರು. ಅವರು ರಾಜರ ಪ್ರಾಣಕ್ಕಾಗಿ ಬೇಡಿಕೊಂಡರು. ಮರಣದಂಡನೆ ತಪ್ಪಿ, ಕೊನೆಗೆ ನಾಲ್ಕು ವರ್ಷಗಳ ಸೆರೆವಾಸ ಗೊತ್ತಾಯಿತು. ಆದರೆ ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿಯೇ ರಾಜರು ಗುಂಡು ತಗಲಿ ಮಡಿದರು.

1860ರಲ್ಲಿ ಟೇಲರರು ಅನಾರೋಗ್ಯದಿಂದ ಸ್ವದೇಶಕ್ಕೆ ಮರಳಿದರು. ಅವರ ಮನಸ್ಸು ಮಾತ್ರ ಭಾರತದಲ್ಲಿಯೇ ನೆಲೆಸಿತ್ತು. ಬಿಜಾಪುರದ ಕಾಲವನ್ನು ಕುರಿತ 'ತಾರಾ' 1863ರಲ್ಲಿಯೂ, 1857ರ ದಂಗೆಯನ್ನು ಕುರಿತ 'ಸೀತಾ' 1872ರಲ್ಲಿಯೂ ಪ್ರಕಟವಾದವು. ಚಾಂದಬೀಬಿಯನ್ನು ಕುರಿತ ಕಾದಂಬರಿಯು ಅವರ ಮರಣಾನಂತರ ಬೆಳಕು ಕಂಡಿತು. ಕಣ್ಣು ಮಸುಕಾಗುತ್ತಿದ್ದರೂ ಅವರು ಇನ್ನೊಮ್ಮೆ ಹೈದರಾಬಾದನ್ನು ನೋಡಿಬಂದರು. ಹಿಂತಿರುಗುವಾಗ 1876ರ ಮೇ 13ರಂದು ಫ್ರಾನ್ಸಿನ ಮಾಂತೋನ್‌ನಲ್ಲಿ ನಿಧನ ಹೊಂದಿದರು.

ಇಂದು ಅವರ ಕಾದಂಬರಿಗಳನ್ನು ಓದುವವರು ವಿರಳ. ಆದರೂ ಸುರಪುರದ ಬೆಟ್ಟದ ಮೇಲೆ ಅವರು ಕಟ್ಟಿಸಿದ ಮನೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ನಿಂತಿದೆ. ಬೋನಾಳದ ಕೆರೆಯು ಪಕ್ಷಿಧಾಮವಾಗಿದೆ. ಆಳಲು ಬಂದವರಲ್ಲಿಯೂ ನೆಲವನ್ನು ಅರಿತು, ಎದುರಾಳಿಯ ಹಿರಿಮೆಯನ್ನು ಒಪ್ಪಿಕೊಂಡವರು ಇದ್ದರೆಂಬುದಕ್ಕೆ ಅವರ ಜೀವನವೇ ಸಾಕ್ಷಿ.