ವಾಲ್‌ಚಂದ್ ಹೀರಾಚಂದ್

ವಾಲ್‌ಚಂದ್ ಹೀರಾಚಂದ್ ದೋಶಿ (23 ನವೆಂಬರ್ 1882 – 8 ಏಪ್ರಿಲ್ 1953) ಭಾರತದ ಉದ್ಯಮಿ. ಹಡಗು, ವಿಮಾನ ಮತ್ತು ಮೋಟಾರು ವಾಹನ, ಈ ಮೂರರ ತಯಾರಿಕೆಯನ್ನೂ ದೇಶದಲ್ಲಿ ನೆಲೆಗೊಳಿಸಲು ಮೊದಲು ಶ್ರಮಿಸಿದವರಲ್ಲಿ ಒಬ್ಬರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಮತ್ತು ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಇವರ ಪ್ರಯತ್ನದಿಂದ ಹುಟ್ಟಿದವು. ಎರಡನೆಯದರ ಲಾರಿಗಳು ಡಾಡ್ಜ್ ಮತ್ತು ಫಾರ್ಗೊ ಎಂಬ ಹೆಸರಿನಲ್ಲಿ ಪರಿಚಿತವಾದವು.

ಜನನ ಮತ್ತು ಆರಂಭದ ದಿನಗಳು

ವಾಲ್‌ಚಂದರು ಸೊಲ್ಲಾಪುರದಲ್ಲಿ ಜನಿಸಿದರು. ವಿಜಯಪುರದಿಂದ ಉತ್ತರಕ್ಕೆ ಹೊರಡುವ ಸೊಲ್ಲಾಪುರ ರಸ್ತೆ ಧೂಳಖೇಡದ ಬಳಿ ಭೀಮಾ ನದಿಯನ್ನು ದಾಟಿ, ಸುಮಾರು ನೂರು ಕಿಲೋಮೀಟರ್ ಸಾಗಿದ ಮೇಲೆ ಮುಟ್ಟುವ ಊರು ಅದು. ಕನ್ನಡ, ಮರಾಠಿ, ತೆಲುಗು ಮೂರೂ ಕೇಳಿಬರುವ ಈ ಹತ್ತಿಯ ಪೇಟೆಯಲ್ಲಿ ಅವರದು ಗುಜರಾತಿನ ವಾಂಕಾನೇರದಿಂದ ಬಂದು ನೆಲೆಸಿದ ದಿಗಂಬರ ಜೈನ ಮನೆತನ. ಹತ್ತಿ ವ್ಯಾಪಾರ ಮತ್ತು ಲೇವಾದೇವಿ ಮನೆಯ ವೃತ್ತಿಯಾಗಿದ್ದವು. ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜು ಮತ್ತು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದರೂ ಅವರು ಪದವಿ ಪೂರೈಸಲಿಲ್ಲ.

ಮನೆತನದ ವ್ಯಾಪಾರ ಅವರ ಮನಸ್ಸಿಗೆ ಒಗ್ಗಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಬಳವಂತ ಫಾಟಕರ ಜೊತೆಗೂಡಿ ಗುತ್ತಿಗೆದಾರರಾದರು. ಬಾರ್ಸಿ ಲೈಟ್ ರೈಲ್ವೆಯ ಕೆಲಸ ಅವರ ಮೊದಲ ಗುತ್ತಿಗೆಗಳಲ್ಲೊಂದು. ಮುಂದೆ ಭೋರ್ ಘಾಟಿಯ ರೈಲು ಸುರಂಗಗಳಂತಹ ದೊಡ್ಡ ಕಾಮಗಾರಿಗಳು ಕೈಗೂಡಿದವು. 1926ರಲ್ಲಿ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಆರಂಭವಾಯಿತು.

ಹಡಗು ಉದ್ಯಮ

1919ರಲ್ಲಿ ನರೋತ್ತಮ ಮೊರಾರ್ಜಿ ಮೊದಲಾದವರೊಡನೆ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಸ್ಥಾಪಿಸಿದರು. ಗ್ವಾಲಿಯರ್ ಮಹಾರಾಜರಿಂದ ಕೊಂಡ ಲಾಯಲ್ಟಿ ಎಂಬ ಹಡಗು ಅದೇ ವರ್ಷ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ರಾಷ್ಟ್ರೀಯ ಕಡಲ ದಿನವನ್ನು ಆಚರಿಸುವುದು ಈ ನೆನಪಿನಲ್ಲಿಯೇ. ಬ್ರಿಟಿಷ್ ಹಡಗು ಕಂಪನಿಗಳ ಪೈಪೋಟಿಯನ್ನು ಎದುರಿಸಿ ಕಂಪನಿ ಉಳಿಯಿತು. 1941ರ ಜೂನ್ 21ರಂದು ವಿಶಾಖಪಟ್ಟಣದ ಹಡಗುಕಟ್ಟೆಗೆ ಬಾಬು ರಾಜೇಂದ್ರಪ್ರಸಾದರು ಅಡಿಗಲ್ಲು ಹಾಕಿದರು. ಅಲ್ಲಿ ನಿರ್ಮಾಣವಾದ ಜಲಉಷಾ ಎಂಬ ಹಡಗನ್ನು 1948ರಲ್ಲಿ ಜವಾಹರಲಾಲ್ ನೆಹರೂ ನೀರಿಗಿಳಿಸಿದರು.

ಮೋಟಾರು ಕಾರ್ಖಾನೆಯ ಯೋಜನೆ ಮತ್ತು ಮೈಸೂರು

ವಾಲ್‌ಚಂದರ ಜೀವನದಲ್ಲಿ ಕನ್ನಡಿಗರು ವಿಶೇಷವಾಗಿ ತಿಳಿಯಬೇಕಾದ ಘಟ್ಟ ಇದು. 1930ರ ದಶಕದಲ್ಲಿ ಭಾರತದಲ್ಲಿ ಓಡುತ್ತಿದ್ದ ಕಾರು, ಲಾರಿಗಳೆಲ್ಲ ವಿದೇಶದಲ್ಲಿ ತಯಾರಾದವು. ಜನರಲ್ ಮೋಟಾರ್ಸ್ ಕಂಪನಿ 1928ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಘಟಕವೂ ಹೊರಗಿನಿಂದ ಬಂದ ಭಾಗಗಳನ್ನು ಜೋಡಿಸುತ್ತಿತ್ತೇ ಹೊರತು ತಯಾರಿಸುತ್ತಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪ್ ಮತ್ತು ಅಮೆರಿಕಗಳಲ್ಲಿ ಸಂಚರಿಸಿ, ಅಲ್ಲಿನ ಕಾರ್ಖಾನೆಗಳನ್ನು ನೋಡಿ ಬಂದು, ದೇಶೀಯ ಮೋಟಾರು ಕಾರ್ಖಾನೆಗೆ ಯೋಜನೆಯೊಂದನ್ನು ಸಿದ್ಧಪಡಿಸಿದ್ದರು. ಅದನ್ನು ಕಾರ್ಯರೂಪಕ್ಕೆ ತರಲು ಮುಂದಾದವರಲ್ಲಿ ವಾಲ್‌ಚಂದ್ ಪ್ರಮುಖರು.

ಜೋಡಣೆಗೂ ತಯಾರಿಕೆಗೂ ಇರುವ ಅಂತರ ಲಾರಿಯ ಮುಂದಿನ ಅಚ್ಚನ್ನು ನೋಡಿದರೆ ಸ್ಪಷ್ಟವಾಗುತ್ತದೆ. ಎತ್ತಿನ ಬಂಡಿಯ ಅಚ್ಚು ಬರಿಯ ಭಾರ ಹೊರುತ್ತದೆ. ಲಾರಿಯ ಮುಂದಿನ ಅಚ್ಚು ಭಾರ ಹೊರುವುದರ ಜೊತೆಗೆ ಗಾಲಿಗಳನ್ನು ತಿರುಗಲೂ ಬಿಡಬೇಕು. ಆದ್ದರಿಂದ ಕಾಯಿಸಿ ಬಡಿದ ಉಕ್ಕಿನ ತೊಲೆಯ ಎರಡೂ ತುದಿಯಲ್ಲಿ ಕಿಂಗ್‌ಪಿನ್ ಎಂಬ ಲಂಬವಾದ ಗೂಟವಿದ್ದು, ಗಾಲಿ ಅದರ ಸುತ್ತ ಹೊರಳುತ್ತದೆ. ತಿರುವಿನಲ್ಲಿ ಒಳಗಿನ ಗಾಲಿ ಚಿಕ್ಕ ವೃತ್ತದಲ್ಲೂ ಹೊರಗಿನದು ದೊಡ್ಡ ವೃತ್ತದಲ್ಲೂ ಸಾಗುವುದರಿಂದ, ಒಳಗಿನದು ಹೆಚ್ಚು ಓರೆಯಾಗಬೇಕು. ಇಲ್ಲವಾದರೆ ಟಯರು ನೆಲಕ್ಕೆ ಉಜ್ಜಿ ಸವೆಯುತ್ತದೆ. ಇದಕ್ಕೆ ಬೇಕಾದ ಸನ್ನೆಕೋಲುಗಳ ಜೋಡಣೆಯನ್ನು ಕುದುರೆ ಗಾಡಿಗಳಿಗಾಗಿ ಯೋಚಿಸಿದವನು ಮ್ಯೂನಿಕ್ ನಗರದ ಲ್ಯಾಂಕೆನ್‌ಸ್ಪರ್ಗರ್; 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಆಕರ್‌ಮನ್ನನ ಹೆಸರೇ ಅದಕ್ಕೆ ಉಳಿದುಬಂದಿದೆ. ಅಚ್ಚಿಗೂ ಚಾಸಿಗೂ ನಡುವೆ ಒಂದರ ಮೇಲೊಂದು ಕೂತ ಕಮಾನು ಪಟ್ಟಿಗಳಿರುತ್ತವೆ. ಪಟ್ಟಿಗಳು ಬಾಗಿ ಕುಲುಕನ್ನು ನುಂಗುತ್ತವೆ, ತಮ್ಮತಮ್ಮಲ್ಲೇ ಉಜ್ಜಿಕೊಂಡು ಅದನ್ನು ತಣಿಸುತ್ತವೆ. ಇವೆಲ್ಲಕ್ಕೂ ಒಳ್ಳೆಯ ಉಕ್ಕು, ಭಾರಿ ಬಡಿಗೆಯಂತ್ರ, ಉಕ್ಕಿಗೆ ಹದ ಕೊಡುವ ಕುಲುಮೆ, ನುರಿತ ಕೆಲಸಗಾರರು ಬೇಕು. ಇವುಗಳಿಲ್ಲದ ದೇಶ ತಿರುಪು ಬಿಗಿಯುವ ಕೆಲಸವನ್ನಷ್ಟೇ ಮಾಡೀತು.

ವಾಲ್‌ಚಂದರು 1939ರಲ್ಲಿ ಅಮೆರಿಕಕ್ಕೆ ಹೋದರು. ಫೋರ್ಡ್ ಕಂಪನಿಯೊಡನೆ ಮಾತು ಫಲಿಸಲಿಲ್ಲ. 1940ರಲ್ಲಿ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದವಾಯಿತು. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ಸ್ಥಾಪಿಸುವ ವಿಚಾರವಿತ್ತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು ನೆರವಿಗೆ ಸಿದ್ಧರಿದ್ದರು. ಆದರೆ ಯುದ್ಧದ ಕಾಲದಲ್ಲಿ ಇದು ಅಗತ್ಯವಾದ ಉದ್ಯಮವಲ್ಲ ಎಂಬ ನಿಲುವು ತಳೆದ ಬ್ರಿಟಿಷ್ ಭಾರತ ಸರ್ಕಾರ ಬೆಂಬಲ ಕೊಡಲಿಲ್ಲ. ಸೈನ್ಯಕ್ಕೇ ಲಾರಿಗಳು ಬೇಕಾಗಿದ್ದ ಹೊತ್ತಿನಲ್ಲಿ ಈ ವಾದ ವಿಚಿತ್ರವೇ ಸರಿ. ಮೈಸೂರಿಗೆ ಮೋಟಾರು ಕಾರ್ಖಾನೆ ಬರಲಿಲ್ಲ.

ಬೆಂಗಳೂರಿನ ವಿಮಾನ ಕಾರ್ಖಾನೆ

ಅಮೆರಿಕದ ಅದೇ ಪ್ರವಾಸದಲ್ಲಿ, ವಿಮಾನದಲ್ಲಿ, ವಿಲಿಯಂ ಪಾಲಿ ಎಂಬ ವಿಮಾನೋದ್ಯಮಿಯ ಪರಿಚಯವಾಯಿತು. ಅದರ ಫಲವಾಗಿ 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಭೂಮಿ ನೀಡಿ, 25 ಲಕ್ಷ ರೂಪಾಯಿ ತೊಡಗಿಸಿತು. 1941ರಲ್ಲಿಯೇ ಹಾರ್ಲೊ ತರಬೇತಿ ವಿಮಾನ ಇಲ್ಲಿಂದ ಹಾರಿತು. ಜಪಾನಿನ ಸೈನ್ಯ ಸಮೀಪಿಸುತ್ತಿದ್ದಂತೆ, 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡುಕೊಂಡಿತು. ಇಂದಿನ ಎಚ್‌ಎಎಲ್‌ನ ಮೂಲ ಇದು.

ಪ್ರೀಮಿಯರ್ ಆಟೋಮೊಬೈಲ್ಸ್

ಕೈಬಿಟ್ಟುಹೋದ ಯೋಜನೆಯನ್ನು ಅವರು ಮರೆಯಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಗಿ, 1947ರಲ್ಲಿ ಮುಂಬಯಿಯ ಕುರ್ಲಾ ಕಾರ್ಖಾನೆಯಿಂದ ಕ್ರೈಸ್ಲರ್ ಮಾದರಿಯ ವಾಹನಗಳು ಹೊರಬಂದವು. ಮೊದಲಿಗೆ ಇವೂ ಜೋಡಿಸಿದ ವಾಹನಗಳೇ. ಭಾಗಗಳ ತಯಾರಿಕೆ ಹಂತಹಂತವಾಗಿ ಬೆಳೆಯಿತು. 1953ರ ಸುಂಕ ಆಯೋಗದ ಶಿಫಾರಸಿನಂತೆ, ತಯಾರಿಕೆಯ ಯೋಜನೆ ಇರುವ ಕಂಪನಿಗಳಿಗೆ ಮಾತ್ರ ಮುಂದುವರಿಯಲು ಅವಕಾಶ ದೊರೆತಾಗ ಪ್ರೀಮಿಯರ್ ಉಳಿಯಿತು. ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಭಾರತದಿಂದ ಹಿಂದೆ ಸರಿದವು. ಡಾಡ್ಜ್ ಮತ್ತು ಫಾರ್ಗೊ ಲಾರಿಗಳು ಮುಂದೆಯೂ ಬಹುಕಾಲ ತಯಾರಾದವು. ಈಗ ಸೊಲ್ಲಾಪುರ ರಸ್ತೆಯಲ್ಲಿ ಓಡುವ ಭಾರಿ ಲಾರಿಗಳಲ್ಲಿ ಮುಂದೆ ಎರಡೆರಡು ತಿರುಗುವ ಅಚ್ಚುಗಳಿರುವುದನ್ನು ಕಾಣಬಹುದು. ಆಗಿನವಕ್ಕೆ ಮುಂದೊಂದು, ಹಿಂದೊಂದು, ಎರಡೇ ಅಚ್ಚು.

ಕೊನೆಯ ದಿನಗಳು

1949ರಲ್ಲಿ ವಾಲ್‌ಚಂದರಿಗೆ ಪಾರ್ಶ್ವವಾಯು ಬಡಿಯಿತು. ಮರುವರ್ಷ ವ್ಯವಹಾರಗಳಿಂದ ನಿವೃತ್ತರಾದರು. ಪತ್ನಿ ಕಸ್ತೂರಬಾಯಿ ಅವರ ಆರೈಕೆ ಮಾಡಿದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ನಿಧನ ಹೊಂದಿದರು. ಅದಕ್ಕೆ ಒಂದು ವರ್ಷ ಮೊದಲು ವಿಶಾಖಪಟ್ಟಣದ ಹಡಗುಕಟ್ಟೆಯೂ ಸರ್ಕಾರದ ವಶಕ್ಕೆ ಹೋಗಿತ್ತು. ಪುಣೆ ಜಿಲ್ಲೆಯಲ್ಲಿ ಅವರು ಬೆಳೆಸಿದ ಸಕ್ಕರೆ ಕಾರ್ಖಾನೆಯ ಊರಿಗೆ ವಾಲ್‌ಚಂದ್‌ನಗರ ಎಂಬ ಹೆಸರಿದೆ. ಸಾಂಗಲಿಯ ಎಂಜಿನಿಯರಿಂಗ್ ಕಾಲೇಜು ಮತ್ತು ಸೊಲ್ಲಾಪುರದ ಕಲೆ ಹಾಗೂ ವಿಜ್ಞಾನ ಕಾಲೇಜುಗಳೂ ಅವರ ಹೆಸರನ್ನು ಹೊತ್ತಿವೆ. ಭಾರತೀಯ ಅಂಚೆ ಇಲಾಖೆ 2004ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.