ಮಿರಜದ ವಾನ್ಲೆಸ್ ಡಾಕ್ಟರರು

ಅಥಣಿ, ಚಿಕ್ಕೋಡಿ ಕಡೆಯ ಹಳ್ಳಿಗಳಲ್ಲಿ ಕಾಯಿಲೆ ಕೈಮೀರಿದರೆ ಜನ ಇಂದಿಗೂ ಮಿರಜಕ್ಕೆ ಹೋಗುತ್ತಾರೆ. ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಓಡುವ ನಮಗೆ ಇದು ವಿಚಿತ್ರವೆನಿಸದು. ಮರಾಠಿ ಸೀಮೆಯ ಆ ಊರಿನಲ್ಲಿ ಇದಕ್ಕೆ ಅಡಿಗಲ್ಲಿಟ್ಟವರು ಡಾ. ವಿಲಿಯಂ ಜೇಮ್ಸ್ ವಾನ್ಲೆಸ್.

ಹುಟ್ಟಿದ್ದು 1865ರಲ್ಲಿ, ಕೆನಡಾ ದೇಶದಲ್ಲಿ. ನ್ಯೂಯಾರ್ಕಿನಲ್ಲಿ ವೈದ್ಯಶಾಸ್ತ್ರ ಕಲಿತು, 1889ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನ ಪರವಾಗಿ ಭಾರತಕ್ಕೆ ಬಂದರು. ಮೊದಲು ಸಾಂಗ್ಲಿಯಲ್ಲಿ ಸಣ್ಣದೊಂದು ದವಾಖಾನೆ. ಬಳಿಕ ಮಿರಜದಲ್ಲಿ 1894ರಲ್ಲಿ ಆಸ್ಪತ್ರೆ. ಕಟ್ಟಡಕ್ಕೆ ಹಣವಿತ್ತವರು ಫಿಲಡೆಲ್ಫಿಯಾದ ರೈಲ್ವೆ ಎಂಜಿನ್ ಕಾರ್ಖಾನೆಯ ಜಾನ್ ಕಾನ್ವರ್ಸ್. ರೋಗಿಗಳಿಗೂ ರೈಲೇ ಅನುಕೂಲ. ಮಿರಜ ಜಂಕ್ಷನ್ ತಾನೆ!

ಕೈಹಿಡಿದು ನಡೆಸಿಕೊಂಡು ಬರಬೇಕಾದ ಮುದುಕರು ಎಷ್ಟೋ ಮಂದಿ. ಆಗ ಊರೂರು ಸುತ್ತುವ ಕಣ್ಣುವೈದ್ಯರು ಸೂಜಿಯಿಂದ ಪೊರೆಯನ್ನು ಕಣ್ಣೊಳಗೇ ಕೆಳಕ್ಕೆ ತಳ್ಳಿಬಿಡುತ್ತಿದ್ದರು. ನಾಲ್ಕು ದಿನ ಬೆಳಕು. ಆಮೇಲೆ ಕೀವು ತುಂಬಿ ಹಲವರಿಗೆ ಪೂರಾ ಕತ್ತಲೆ. ಆಸ್ಪತ್ರೆಯಲ್ಲಿ ವಾನ್ಲೆಸ್ ಪೊರೆಗಟ್ಟಿದ ಮಸೂರವನ್ನೇ ಹೊರತೆಗೆಯುತ್ತಿದ್ದರು. ಆಮೇಲೆ ದಪ್ಪ ಕನ್ನಡಕ ಹಾಕಿಕೊಂಡರೆ ಮುಖ, ದಾರಿ ಕಾಣುತ್ತಿತ್ತು.

ಆದರೆ ಆ ಕಾಲದ ಯಾವ ವೈದ್ಯರ ಕತ್ತಿಗೂ ನಿಲುಕದ ಕುರುಡೊಂದಿತ್ತು. ತಲೆಗೆ ಪೆಟ್ಟು ಬಿದ್ದಿದೆ, ಕಣ್ಣು ನಿರ್ಮಲವಾಗಿದೆ, ದೃಷ್ಟಿ ಮಾತ್ರ ಕೆಟ್ಟಿದೆ. ಕಣ್ಣು ತಂದ ಸುದ್ದಿಯನ್ನು ಅರಿಯುವುದು ತಲೆಯ ಹಿಂಭಾಗದ ಮಿದುಳು. ಆಸ್ಪತ್ರೆ ತೆರೆದ ಮರುವರ್ಷ, 1895ರಲ್ಲಿ, ರಾಂಟ್ಜೆನ್ ಕಂಡುಹಿಡಿದ ಎಕ್ಸ್‌ರೇಗೆ ಬುರುಡೆ ಕಾಣುತ್ತದೆ, ಒಳಗಿನ ಮಿದುಳು ಕಾಣದು. ಮಿದುಳನ್ನು ಪದರಪದರವಾಗಿ ತೋರಿಸುವ ಸಿ.ಟಿ. ಯಂತ್ರ ಲಂಡನ್ನಿನಲ್ಲಿ ರೋಗಿಯ ಮೇಲೆ ಬಳಕೆಗೆ ಬಂದದ್ದು 1971ರಲ್ಲಿ. ಸಣ್ಣ ಪೆಟ್ಟಾದರೆ ಅದರಲ್ಲೂ ಏನೂ ಕಾಣದಿರುವುದುಂಟು. ಈಗ ಎಂ.ಆರ್.ಐ.ಯ ಹೊಸ ವಿಧಾನಗಳಿಂದ, ನೋಡುವಾಗ ಮಿದುಳಿನ ಯಾವ ಭಾಗ ಚುರುಕಾಗುತ್ತದೆ, ನರತಂತುಗಳಿಗೆ ಎಲ್ಲಿ ಏಟಾಗಿದೆ ಎಂದು ಸಂಶೋಧಕರು ಹುಡುಕುತ್ತಿದ್ದಾರೆ. ಆಟದಲ್ಲಿ ಬಿದ್ದ ಹುಡುಗ ಬೋರ್ಡಿನ ಅಕ್ಷರ ಎರಡೆರಡಾಗಿ ಕಾಣುತ್ತದೆಂದರೆ, ನಾವು ಅಧ್ಯಾಪಕರು ನೆಪವೆಂದು ಗದರಿದ್ದುಂಟು. ಅಂಥವನನ್ನು ಮೊದಲು ವೈದ್ಯರಿಗೆ ತೋರಿಸಬೇಕು.

ವಾನ್ಲೆಸ್ ಒಬ್ಬರೇ ಎಲ್ಲವನ್ನೂ ಮಾಡಹೊರಟವರಲ್ಲ. ಭಾರತೀಯ ಯುವಕರಿಗೆಂದು ಮಿರಜದಲ್ಲಿ ವೈದ್ಯಶಾಲೆ ನಡೆಸಿದರು. ಕುಷ್ಠರೋಗಿಗಳಿಗೆ ಆಶ್ರಯ, ಕ್ಷಯರೋಗಿಗಳಿಗೆ ಆಸ್ಪತ್ರೆಯೂ ಆದವು. 1928ರಲ್ಲಿ ಸರ್ ಪದವಿ ಬಂತು. ಅದೇ ವರ್ಷ ನಿವೃತ್ತರಾದರು. 1933ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಸಾಂಗ್ಲಿಯಿಂದ ಮಿರಜಕ್ಕೆ ಹೋಗುವಾಗ ನಡುವೆ ವಾನ್ಲೆಸ್‌ವಾಡಿ ಸಿಗುತ್ತದೆ.