ಗ್ರಹಣದ ಮರ್ಮವನ್ನರಿತ ಆರ್ಯಭಟ

ಭಾರತೀಯ ಜ್ಯೋತಿಶ್ಶಾಸ್ತ್ರದ ಆಚಾರ್ಯಪರಂಪರೆಯಲ್ಲಿ ಆರ್ಯಭಟನ ಸ್ಥಾನ ಹಿರಿದು. ಅವನು ಜನಿಸಿದುದು ಕ್ರಿ.ಶ. ೪೭೬ರಲ್ಲಿ. ತನ್ನ ತಂದೆತಾಯಿಗಳ ಹೆಸರನ್ನು ಅವನು ಹೇಳಿಕೊಂಡಿಲ್ಲ. ಕಲಿಯುಗದ ೩,೬೦೦ ವರ್ಷಗಳು ಸಂದಾಗ, ಎಂದರೆ ಕ್ರಿ.ಶ. ೪೯೯ರಲ್ಲಿ, ತನಗೆ ೨೩ ವರ್ಷ ತುಂಬಿದ್ದಿತೆಂದು ಮಾತ್ರ ತಿಳಿಸಿದ್ದಾನೆ. ಕುಸುಮಪುರದಲ್ಲಿ ಮನ್ನಣೆ ಪಡೆದಿದ್ದ ಜ್ಞಾನವನ್ನು ನಿರೂಪಿಸುವೆನೆಂದು ಹೊರಟು ಅವನು ರಚಿಸಿದ 'ಆರ್ಯಭಟೀಯ'ದಲ್ಲಿ ಗೀತಿಕಾ, ಗಣಿತ, ಕಾಲಕ್ರಿಯಾ, ಗೋಲ ಎಂಬ ನಾಲ್ಕು ಪಾದಗಳಿವೆ.

ರಾಹುವು ಸೂರ್ಯಚಂದ್ರರನ್ನು ನುಂಗುವನೆಂದು ಲೋಕವು ನಂಬಿದ್ದ ಕಾಲವದು. ಆರ್ಯಭಟನು ಗೋಲಪಾದದಲ್ಲಿ ಗ್ರಹಣಕ್ಕೆ ನೆರಳೇ ಕಾರಣವೆಂದು ನಿಸ್ಸಂದೇಹವಾಗಿ ಸಾರಿದನು. ಚಂದ್ರನ ಅರ್ಧಭಾಗವು ಸೂರ್ಯನಿಂದ ಬೆಳಗುತ್ತದೆ; ಉಳಿದರ್ಧವು ಕತ್ತಲು. ಬೆಳಗಿದ ಭಾಗವು ನಮಗೆ ಕಾಣುವಷ್ಟೇ ಚಂದ್ರಕಲೆ. ಅಮಾವಾಸ್ಯೆಯಂದು ಚಂದ್ರನು ನಮಗೂ ಸೂರ್ಯನಿಗೂ ನಡುವೆ ಬರುವನಾದುದರಿಂದ ಸೂರ್ಯಗ್ರಹಣವು ಅಂದೇ ಸಂಭವಿಸಬೇಕು. ಹುಣ್ಣಿಮೆಯಂದು ಭೂಮಿಯು ನಡುವೆ ನಿಲ್ಲುವುದರಿಂದ ಅದರ ನೆರಳು ಚಂದ್ರನನ್ನು ಮುಸುಕುವುದೂ ಅಂದೇ.

ಹಾಗಾದರೆ ಪ್ರತಿ ಹುಣ್ಣಿಮೆ ಅಮಾವಾಸ್ಯೆಗೂ ಗ್ರಹಣವೇಕಿಲ್ಲ? ಚಂದ್ರನ ಪಥವು ಸೂರ್ಯನ ಪಥಕ್ಕೆ ಓರೆಯಾಗಿದೆ. ಆ ಓರೆಯನ್ನು ಆರ್ಯಭಟನು ನಾಲ್ಕೂವರೆ ಅಂಶವೆಂದು ಗಣಿಸಿದನು. ಇಂದಿನ ಲೆಕ್ಕದಲ್ಲಿ ಅದು ಐದು ಅಂಶಕ್ಕೆ ತುಸು ಹೆಚ್ಚು. ಚಂದ್ರಬಿಂಬದ ಅಗಲವು ಅರ್ಧ ಅಂಶ ಮಾತ್ರ. ಆದಕಾರಣ ಬಹುತೇಕ ತಿಂಗಳುಗಳಲ್ಲಿ ಚಂದ್ರನು ನೆರಳಿನ ಮೇಲೆಯೋ ಕೆಳಗೋ ಸಾಗಿಹೋಗುತ್ತಾನೆ. ಎರಡು ಪಥಗಳು ಕೂಡುವ ಪಾತಬಿಂದುವಿನ ಸಮೀಪದಲ್ಲಿ ಹುಣ್ಣಿಮೆ ಅಥವಾ ಅಮಾವಾಸ್ಯೆ ಒದಗಿದಾಗಲೇ ಗ್ರಹಣ. ನಮ್ಮ ಪಂಚಾಂಗಗಳ ರಾಹುಕೇತುಗಳು ಈ ಎರಡು ಬಿಂದುಗಳೇ. ಹೆಸರು ಪುರಾಣದ್ದು, ಅರ್ಥ ಗಣಿತದ್ದು.

ಸತ್ಯಕ್ಕೆ ವಿರೋಧವೂ ಒದಗಿತು. ಕ್ರಿ.ಶ. ೬೨೮ರಲ್ಲಿ ಬ್ರಹ್ಮಗುಪ್ತನಂತಹ ಮಹಾಗಣಿತಜ್ಞನೇ ಈ ಮತವು ಶ್ರುತಿಸ್ಮೃತಿಗಳಿಗೆ ವಿರುದ್ಧವೆಂದು ಆಕ್ಷೇಪಿಸಿದನು. ಆದರೆ ಗ್ರಹಣವನ್ನು ಗಣಿಸುವಾಗ ಅವನೂ ಆಶ್ರಯಿಸಿದುದು ಚಂದ್ರಬಿಂಬವನ್ನು ಮತ್ತು ಭೂಛಾಯೆಯನ್ನೇ! ಮರುವರ್ಷವೇ ಮೊದಲನೆಯ ಭಾಸ್ಕರನು ಆರ್ಯಭಟೀಯಕ್ಕೆ ಭಾಷ್ಯವನ್ನು ಬರೆದು ಆಚಾರ್ಯನ ಮತವನ್ನು ಬೆಳಗಿಸಿದನು.

ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಿತವಾಗಿ ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ನೆಲದಿಂದ ಗಗನಕ್ಕೇರಿದ ಭಾರತದ ಪ್ರಥಮ ಉಪಗ್ರಹಕ್ಕೆ ಈ ಮಹನೀಯನ ಹೆಸರನ್ನೇ ಇಡಲಾಯಿತು. ಅದಕ್ಕಿಂತ ಮಿಗಿಲಾದ ಸ್ಮಾರಕವೊಂದು ಅಧ್ಯಾಪಕ ಬಂಧುಗಳ ಕೈಯಲ್ಲಿದೆ. ಹುಣ್ಣಿಮೆಗೆಲ್ಲ ಗ್ರಹಣವೇಕಿಲ್ಲವೆಂದು ಬಾಲಕನೊಬ್ಬನು ಕೇಳಿದಾಗ, ಅವನನ್ನು ಗದರದೆ, ಒಂದು ದೀಪವನ್ನೂ ಒಂದು ಚೆಂಡನ್ನೂ ತಂದು ಆ ನೆರಳಿನ ನಡೆಯನ್ನು ತೋರಿಸಿಕೊಟ್ಟರೆ, ಇಪ್ಪತ್ತಮೂರರ ಆ ತರುಣನ ಧೈರ್ಯಕ್ಕೆ ಸಲ್ಲಬೇಕಾದ ಗೌರವವು ಸಂದಂತೆ.